ಕಂಪನಿಗಳ ತೆರಿಗೆ ಇಳಿಸಿದ್ದರಿಂದ ಯಾರಿಗೆ ಏನು ಸಿಕ್ಕಿತು?

ಪ್ರಶ್ನೆ: ನಾನು ಮತ್ತು ನನ್ನ ಅಣ್ಣ ಸೇರಿ ಯಂತ್ರಗಳ ಬಿಡಿಭಾಗ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದನ್ನು ಹದಿನಾಲ್ಕು ವರ್ಷಗಳಿಂದ ನಡೆಸುತ್ತಿದ್ದೇವೆ. 2019ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಆದಾಯ ತೆರಿಗೆಯನ್ನು ಇಳಿಸಿದಂದಿನಿಂದ ಒಂದು ಕಡೆಯವರು ‘ಇದರಿಂದ ಹೂಡಿಕೆ, ಉದ್ಯೋಗ ಹೆಚ್ಚುತ್ತದೆ’ ಎನ್ನುತ್ತಾರೆ, ಇನ್ನೊಂದು ಕಡೆಯವರು ‘ಶ್ರೀಮಂತರಿಗೆ ಕೊಟ್ಟ ಉಡುಗೊರೆ’ ಎನ್ನುತ್ತಾರೆ. ಯಾರ ಮಾತು ನಿಜ? ಸಂಬಳದಾರರು ಕಟ್ಟುವ ತೆರಿಗೆ ಈಗ ಕಂಪನಿಗಳು ಕಟ್ಟುವುದಕ್ಕಿಂತ ಹೆಚ್ಚಾಗಿದೆ ಎಂಬುದು ಸರಿಯೇ? ನಮ್ಮಂಥ ಸಣ್ಣ ಸಂಸ್ಥೆ ಶೇ 35ರ ಹತ್ತಿರ ತೆರಿಗೆ ಕಟ್ಟುವಾಗ ದೊಡ್ಡ ಕಂಪನಿ ಶೇ 25 ಕಟ್ಟುವುದು ಯಾವ ನ್ಯಾಯ? ನಾವೂ ಕಂಪನಿಯಾಗಿ ಬದಲಾಗುವುದು ಒಳ್ಳೆಯದೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದರೆ 2019ರ ಸೆಪ್ಟೆಂಬರ್ 20ರ ಶುಕ್ರವಾರ ಏನೇನು ಬದಲಾಯಿತು ಎಂಬುದನ್ನು ಬಿಡಿಸಿ ನೋಡಬೇಕು. ವಾದ ಮಾಡುವ ಎರಡೂ ಕಡೆಯವರು ಅದನ್ನು ಒಂದೇ ಕ್ರಮವೆಂಬಂತೆ ಮಾತನಾಡುತ್ತಾರೆ. ಅಂದು ಹೊರಬಿದ್ದ ಸುಗ್ರೀವಾಜ್ಞೆಯಲ್ಲಿ ಸ್ವಭಾವದಲ್ಲೇ ಬೇರೆಯಾದ ಎರಡು ಕ್ರಮಗಳಿದ್ದವು, ಮತ್ತು ಈ ಚರ್ಚೆಯ ಬಹುಪಾಲು ಗೊಂದಲ ಅವೆರಡನ್ನೂ ಕಲಸಿ ಮಾತನಾಡುವುದರಿಂದಲೇ ಹುಟ್ಟಿದೆ.

ಮೊದಲನೆಯದು, ಆಗಲೇ ನಡೆಯುತ್ತಿದ್ದ ಕಂಪನಿಗಳಿಗೆ ಸಂಬಂಧಿಸಿದ್ದು. ದೊಡ್ಡ ಕಂಪನಿಗಳ ಮೂಲ ದರ ಶೇ 30 ಇತ್ತು. ಸರ್‌ಚಾರ್ಜ್ ಮತ್ತು ಸೆಸ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆಗಳು) ಸೇರಿದರೆ ಅದು ಶೇ 34.94 ಆಗುತ್ತಿತ್ತು. ವಿನಾಯಿತಿಗಳನ್ನು ಬಿಟ್ಟುಕೊಡಲು ಒಪ್ಪುವ ಕಂಪನಿಗೆ ಮೂಲ ದರವನ್ನು ಶೇ 22ಕ್ಕೆ, ಅಂದರೆ ಎಲ್ಲ ಸೇರಿ ಶೇ 25.17ಕ್ಕೆ ಇಳಿಸಲಾಯಿತು. ಅಂಥ ಕಂಪನಿಗೆ ಮ್ಯಾಟ್ ಎಂದು ಕರೆಯುವ ಕನಿಷ್ಠ ಪರ್ಯಾಯ ತೆರಿಗೆಯೂ ಅನ್ವಯಿಸುವುದಿಲ್ಲ. ಎರಡನೆಯದು, ಇನ್ನೂ ಹುಟ್ಟದ ಕಂಪನಿಗಳಿಗೆ ಸಂಬಂಧಿಸಿದ್ದು. 2019ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ನೋಂದಣಿಯಾಗಿ ನಿಗದಿತ ಗಡುವಿನೊಳಗೆ ಉತ್ಪಾದನೆ ಆರಂಭಿಸುವ ತಯಾರಿಕಾ ಕಂಪನಿಗೆ ಮೂಲ ದರ ಶೇ 15, ಎಲ್ಲ ಸೇರಿ ಶೇ 17.16. ಆ ಗಡುವು ಮೊದಲು 2023ರ ಮಾರ್ಚ್ 31 ಇದ್ದು, ಒಂದು ವರ್ಷ ವಿಸ್ತರಣೆಯಾಗಿ, 2024ರ ಮಾರ್ಚ್ 31ಕ್ಕೆ ಮುಗಿಯಿತು. ಎಲ್ಲ ಕ್ರಮಗಳೂ ಸೇರಿ ವರ್ಷಕ್ಕೆ ಬೊಕ್ಕಸಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುತ್ತದೆ ಎಂದು ಸರ್ಕಾರವೇ ಅಂದಾಜು ಹೇಳಿತು. ಆ ವರ್ಷದ ಬಜೆಟ್‌ನಲ್ಲಿ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಗೆ ತೆಗೆದಿರಿಸಿದ್ದ ಮೊತ್ತ 60,000 ಕೋಟಿ ರೂಪಾಯಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಅಂದಾಜಿನ ಗಾತ್ರ ಮನದಟ್ಟಾಗುತ್ತದೆ.

ಷೇರುಪೇಟೆಗೆ ವಿಷಯ ಕೂಡಲೇ ಅರ್ಥವಾಯಿತು. ಅಂದು ಒಂದೇ ದಿನ ಸೆನ್ಸೆಕ್ಸ್ 1,921 ಅಂಶ ಏರಿತು. ಆ ಏರಿಕೆಯನ್ನು ‘ಆರ್ಥಿಕತೆಯ ಮೇಲಿನ ವಿಶ್ವಾಸ’ ಎಂದು ಹಲವರು ವರ್ಣಿಸಿದರು. ನನ್ನ ದೃಷ್ಟಿಯಲ್ಲಿ ಅದು ಸರಳವಾದ ಗಣಿತ: ನಿನ್ನೆಯವರೆಗೆ ನೂರು ರೂಪಾಯಿ ಲಾಭದಲ್ಲಿ ಷೇರುದಾರರಿಗೆ 65 ರೂಪಾಯಿ ಉಳಿಯುತ್ತಿದ್ದ ಕಂಪನಿಯಲ್ಲಿ ಇಂದಿನಿಂದ 75 ರೂಪಾಯಿ ಉಳಿಯುತ್ತದೆ ಎಂದಾದರೆ, ಒಂದು ಹೊಸ ಇಟ್ಟಿಗೆಯನ್ನೂ ಇಡದೆ, ಒಬ್ಬ ಹೊಸ ಕೆಲಸಗಾರನನ್ನೂ ತೆಗೆದುಕೊಳ್ಳದೆ, ಆ ಷೇರಿನ ಬೆಲೆ ಏರಲೇಬೇಕು.

ಮುಖ್ಯ ವಿಷಯವೂ ಇಲ್ಲೇ ಇದೆ. ತೆರಿಗೆ ಕಡಿತದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ‘ದರ ಎಷ್ಟು ಇಳಿಯಿತು’ ಎಂಬುದಕ್ಕಿಂತ ‘ಯಾವ ಲಾಭದ ಮೇಲಿನ ದರ ಇಳಿಯಿತು’ ಎಂಬುದು. ಐದು ಅಥವಾ ಹದಿನೈದು ವರ್ಷಗಳ ಹಿಂದೆ, ಶೇ 30ಕ್ಕೂ ಹೆಚ್ಚು ತೆರಿಗೆ ಇರುವುದನ್ನು ತಿಳಿದುಕೊಂಡೇ ಕಟ್ಟಿದ ಕಾರ್ಖಾನೆಯಿಂದ ಬರುವ ಲಾಭಕ್ಕೆ ಇಂದು ತೆರಿಗೆ ಇಳಿಸಿದರೆ ಆ ಕಾರ್ಖಾನೆ ಎರಡನೆಯ ಬಾರಿ ಹುಟ್ಟುವುದಿಲ್ಲ. ಅದು ಮುಗಿದುಹೋದ ನಿರ್ಧಾರಕ್ಕೆ ಈಗ ಸಿಕ್ಕ ಬಹುಮಾನ. 2019ರಲ್ಲಿ ಬೊಕ್ಕಸ ಬಿಟ್ಟುಕೊಟ್ಟ ಹಣದ ಬಹುದೊಡ್ಡ ಪಾಲು ಈ ಬಗೆಯದು. ಹೊಸ ಕಾರ್ಖಾನೆಗಳಿಗೆಂದೇ ರೂಪಿಸಿದ ಶೇ 15ರ ದರ ಮಾತ್ರ ಗುರಿಯಿಟ್ಟು ಮಾಡಿದ ಕ್ರಮವಾಗಿತ್ತು.

ಆ ದಿನಗಳ ಒಂದು ದೃಶ್ಯ ನನ್ನ ಮನಸ್ಸಿನಿಂದ ಮಾಸಿಲ್ಲ. ನಾನು ತೆರಿಗೆ ಲೆಕ್ಕ ನೋಡುತ್ತಿದ್ದ, 400 ಕೋಟಿ ರೂಪಾಯಿಗೂ ಮೀರಿದ ವಹಿವಾಟಿದ್ದ ಕಂಪನಿಯೊಂದರಲ್ಲಿ ಹಳೆಯ ಮತ್ತು ಹೊಸ ಪದ್ಧತಿಗಳ ಲೆಕ್ಕವನ್ನು ಅಕ್ಕಪಕ್ಕದ ಎರಡು ಕಂಬಸಾಲುಗಳಲ್ಲಿ ಹಾಕಿ ನಿರ್ದೇಶಕರ ಮುಂದಿಟ್ಟಿದ್ದೆ. ವರ್ಷದ ತೆರಿಗೆಯೋಗ್ಯ ಲಾಭ ಸುಮಾರು 40 ಕೋಟಿ; ಉಳಿತಾಯ 3 ಕೋಟಿ 91 ಲಕ್ಷ. ಆ ಹಣವನ್ನು ಏನು ಮಾಡುವುದೆಂಬ ಮಾತು ಬಂದಾಗ ಹಿರಿಯ ನಿರ್ದೇಶಕರೊಬ್ಬರು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದ ಹೊಸ ಶೆಡ್ಡಿನ ವಿಷಯ ಎತ್ತಿದರು. ಕಾರ್ಖಾನೆಯ ವ್ಯವಸ್ಥಾಪಕರು ತಲೆ ಎತ್ತದೆಯೇ, ‘ಸಾರ್, ಎರಡನೇ ಪಾಳಿ ನಿಲ್ಲಿಸಿ ಮೂರು ತಿಂಗಳಾಯಿತು’ ಎಂದರು. ಅಲ್ಲಿಗೆ ಶೆಡ್ಡಿನ ಮಾತು ನಿಂತಿತು. ಹಣದ ದೊಡ್ಡ ಪಾಲು ಬ್ಯಾಂಕ್ ಸಾಲ ತೀರಿಸಲು ಹೋಯಿತು, ಉಳಿದದ್ದು ಲಾಭಾಂಶವಾಯಿತು. ಅವರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ; ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇರುವ ಯಂತ್ರಗಳಿಗೇ ಕೆಲಸವಿಲ್ಲದಿರುವಾಗ ಇನ್ನೊಂದು ಯಂತ್ರ ಕೊಳ್ಳುವವರು ಯಾರು? 2019ರ ಏಪ್ರಿಲ್-ಜೂನ್ ತ್ರೈಮಾಸಿಕದ ಜಿಡಿಪಿ ಬೆಳವಣಿಗೆ ಶೇ 5ಕ್ಕೆ ಕುಸಿದಿದೆ ಎಂದು ಆಗಷ್ಟೇ ಪ್ರಕಟವಾಗಿತ್ತು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ ಅದರ ಮುಂದಿನ ತ್ರೈಮಾಸಿಕದಲ್ಲಿ ದೇಶದ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಶೇ 70ಕ್ಕಿಂತಲೂ ಕಡಿಮೆ ಭಾಗವನ್ನು ಬಳಸುತ್ತಿದ್ದವು.

ಯಂತ್ರ ಕೊಳ್ಳುವ ನಿರ್ಧಾರದಲ್ಲಿ ತೆರಿಗೆ ದರದ ಪಾತ್ರ ಎಷ್ಟು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ನೀವೂ ಯಂತ್ರ ಕೊಂಡವರಾದ್ದರಿಂದ ಇದು ನಿಮಗೆ ಹೊಸದಲ್ಲ. ಕಂಪನಿಯೊಂದು 10 ಕೋಟಿ ರೂಪಾಯಿಯ ಯಂತ್ರವನ್ನು ಶೇ 10ರ ಬಡ್ಡಿಯ ಸಾಲದಲ್ಲಿ ಕೊಳ್ಳುತ್ತದೆ ಎಂದುಕೊಳ್ಳಿ. ಮೊದಲ ವರ್ಷದ ಬಡ್ಡಿ 1 ಕೋಟಿ. ತೆರಿಗೆ ಕಾಯ್ದೆ ಒಪ್ಪುವ ಶೇ 15ರ ಸವಕಳಿ (ಯಂತ್ರ ಸವೆದು ಬೆಲೆ ಇಳಿಯುವುದರ ಲೆಕ್ಕ) 1.5 ಕೋಟಿ. ಎರಡನ್ನೂ ಆದಾಯದಿಂದ ಕಳೆಯಲು ಕಾನೂನಿನಲ್ಲಿ ಅವಕಾಶವಿದೆ. ಕಚ್ಚಾವಸ್ತು, ಕೂಲಿ ಎಲ್ಲ ಕಳೆದು ಯಂತ್ರ ವರ್ಷಕ್ಕೆ 2.8 ಕೋಟಿ ದುಡಿದರೆ ತೆರಿಗೆಗೆ ಒಳಪಡುವ ಲಾಭ 30 ಲಕ್ಷ. ಹಳೆಯ ದರದಲ್ಲಿ ಅದಕ್ಕೆ ತೆರಿಗೆ ಹತ್ತೂವರೆ ಲಕ್ಷದಷ್ಟು, ಹೊಸ ದರದಲ್ಲಿ ಏಳೂವರೆ ಲಕ್ಷದಷ್ಟು. 10 ಕೋಟಿಯ ನಿರ್ಧಾರದಲ್ಲಿ ದರ ಕಡಿತದಿಂದಾಗುವ ವ್ಯತ್ಯಾಸ ಮೂರು ಲಕ್ಷಕ್ಕೂ ತುಸು ಕಡಿಮೆ. ಇನ್ನು ಆರ್ಡರು ಕಡಿಮೆಯಾಗಿ ಅದೇ ಯಂತ್ರ 2.2 ಕೋಟಿ ಮಾತ್ರ ದುಡಿದರೆ 30 ಲಕ್ಷ ನಷ್ಟವಾಗುತ್ತದೆ. ಆಗ ತೆರಿಗೆ ಶೇ 35 ಇದ್ದರೂ ಅಷ್ಟೆ, ಶೇ 15 ಇದ್ದರೂ ಅಷ್ಟೆ, ಕಟ್ಟಬೇಕಾದದ್ದು ಸೊನ್ನೆ. ಆರ್ಡರು ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯ ಮುಂದೆ ದರದ ಪ್ರಶ್ನೆ ಎಷ್ಟು ಚಿಕ್ಕದು ಎಂಬುದು ಇದರಿಂದ ತಿಳಿಯುತ್ತದೆ.

ಈ ಲೆಕ್ಕಕ್ಕೆ ಮಿತಿಗಳಿವೆ. ಸಾಲದ ಬದಲು ಸ್ವಂತ ಬಂಡವಾಳ ಹಾಕುವವರಿಗೆ ಬಡ್ಡಿಯನ್ನು ಆದಾಯದಿಂದ ಕಳೆಯುವ ಸೌಲಭ್ಯವಿಲ್ಲದ್ದರಿಂದ ದರದ ತೂಕ ಹೆಚ್ಚುತ್ತದೆ. ಕಾರ್ಖಾನೆಯನ್ನು ಭಾರತದಲ್ಲಿ ಹಾಕಬೇಕೋ ವಿಯೆಟ್ನಾಂನಲ್ಲಿ ಹಾಕಬೇಕೋ ಎಂದು ತೂಗಿನೋಡುವ ಬಹುರಾಷ್ಟ್ರೀಯ ಕಂಪನಿಯಂತೂ ದರವನ್ನು ಖಂಡಿತ ಗಮನಿಸುತ್ತದೆ. ವಿಯೆಟ್ನಾಂನ ಸಾಮಾನ್ಯ ದರ ಶೇ 20, ಚೀನಾದ್ದು ಶೇ 25, ಸಿಂಗಪುರದ್ದು ಶೇ 17 ಇರುವಾಗ ಶೇ 35ರ ಫಲಕ ಹಿಡಿದು ನಿಲ್ಲುವುದು ಕಷ್ಟವಾಗಿತ್ತು. ಹಾಗಾಗಿ ‘ದರ ಇಳಿಸಲೇಬಾರದಿತ್ತು’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2015ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ನಾಲ್ಕು ವರ್ಷಗಳಲ್ಲಿ ದರವನ್ನು ಶೇ 30ರಿಂದ 25ಕ್ಕೆ ಇಳಿಸುತ್ತಾ, ಜೊತೆಜೊತೆಗೇ ವಿನಾಯಿತಿಗಳನ್ನೂ ತೆಗೆಯುತ್ತಾ ಹೋಗುವ ದಾರಿಯನ್ನು ಹೇಳಿದ್ದರು. ಅದು ಅಳೆದು ತೂಗಿದ ದಾರಿಯಾಗಿತ್ತು. ಆಗಿನ ವ್ಯವಸ್ಥೆಯಲ್ಲಿ ವಿನಾಯಿತಿಗಳನ್ನು ಬಳಸಿಕೊಳ್ಳುವ ಶಕ್ತಿ ದೊಡ್ಡ ಕಂಪನಿಗಳಿಗೇ ಹೆಚ್ಚಾಗಿದ್ದುದರಿಂದ, ಬಜೆಟ್ ದಾಖಲೆಗಳೇ ತೋರಿಸುತ್ತಿದ್ದಂತೆ, ದೊಡ್ಡ ಲಾಭದ ಕಂಪನಿಗಳು ನಿಜವಾಗಿ ಕಟ್ಟುತ್ತಿದ್ದ ದರ ಸಣ್ಣ ಲಾಭದವುಗಳಿಗಿಂತ ಕಡಿಮೆ ಇತ್ತು. 2019ರ ಕ್ರಮ ‘ಕಡಿಮೆ ದರ ಬೇಕಾದರೆ ವಿನಾಯಿತಿ ಬಿಡು’ ಎಂಬ ಷರತ್ತು ಹಾಕಿದ್ದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆ ನಂತರ ತೆರಿಗೆ ವ್ಯಾಜ್ಯದ ಎಷ್ಟೋ ಮೂಲಗಳು ಒಣಗಿದ್ದನ್ನು ನನ್ನ ಮೇಜಿನ ಮೇಲೆಯೇ ಕಂಡಿದ್ದೇನೆ. ಹೊಸ ಉದ್ಯೋಗ ಕೊಟ್ಟವರಿಗೆ ಹೆಚ್ಚುವರಿ ಸಂಬಳ ವೆಚ್ಚದ ಶೇ 30ರಷ್ಟನ್ನು ಮೂರು ವರ್ಷ ಕಳೆಯಲು ಬಿಡುವ ರಿಯಾಯಿತಿಯನ್ನು ಉಳಿಸಿಕೊಂಡದ್ದೂ ಸರಿಯಾದ ವಿವೇಚನೆ.

ಆದರೆ ಹೂಡಿಕೆ ಮತ್ತು ಉದ್ಯೋಗದ ಹೆಸರಿನಲ್ಲಿ ಈ ಕ್ರಮವನ್ನು ಸಮರ್ಥಿಸಿದ ಮೇಲೆ ಅದನ್ನು ಅವುಗಳಿಂದಲೇ ಅಳೆಯಬೇಕಾಗುತ್ತದೆ. 2024ರ ಜುಲೈನಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಆರ್ಥಿಕ ಸಮೀಕ್ಷೆ, ಅಂದರೆ ಸರ್ಕಾರದ್ದೇ ದಾಖಲೆ, 33,000ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ನೋಡಿ, 2019-20ರಿಂದ 2022-23ರ ನಡುವಿನ ಮೂರು ವರ್ಷಗಳಲ್ಲಿ ಅವುಗಳ ತೆರಿಗೆಪೂರ್ವ ಲಾಭ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತೆಂದೂ, ನೇಮಕಾತಿ ಮತ್ತು ಸಂಬಳದ ಏರಿಕೆ ಅದಕ್ಕೆ ಸರಿಸಾಟಿಯಾಗಿ ಬರಲಿಲ್ಲವೆಂದೂ ಹೇಳಿತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಉದ್ಯಮಿಗಳ ಸಭೆಯಲ್ಲಿ, ನೀವು ಹೂಡಿಕೆ ಮಾಡದಂತೆ ತಡೆಯುತ್ತಿರುವುದೇನು, ತನ್ನ ಶಕ್ತಿಯನ್ನು ತಾನೇ ನಂಬದ ಹನುಮಂತನಂತೆ ಆಗಿದ್ದೀರಾ ಎಂಬರ್ಥದಲ್ಲಿ ಕೇಳಿದ್ದರು. ಕಾಳಜಿಯಿಂದ ಕೇಳಿದ ಪ್ರಶ್ನೆಯದು. ಅದಕ್ಕೆ ಉತ್ತರ ಆ ಕಾರ್ಖಾನೆಯ ವ್ಯವಸ್ಥಾಪಕರ ಬಾಯಲ್ಲಿ ಮೂರು ವರ್ಷ ಮೊದಲೇ ಬಂದಿತ್ತು ಎಂದು ನನಗೆ ಅನ್ನಿಸಿತು. ಖಾಸಗಿ ಹೂಡಿಕೆಗಾಗಿ ಕಾಯುತ್ತಾ ಸರ್ಕಾರ ತಾನೇ ರಸ್ತೆ, ರೈಲುಗಳಿಗೆ ಹಣ ಸುರಿಯಬೇಕಾಯಿತು: ಕೇಂದ್ರದ ಬಂಡವಾಳ ವೆಚ್ಚ 2019-20ರ ಸುಮಾರು 3.4 ಲಕ್ಷ ಕೋಟಿಯಿಂದ 2023-24ರಲ್ಲಿ ಸುಮಾರು 9.5 ಲಕ್ಷ ಕೋಟಿಗೆ ಏರಿತು.

ಕಡಿತದ ಪರ ವಾದಿಸುವವರು ಇಲ್ಲಿ ಕೋವಿಡ್ಡನ್ನು ನೆನಪಿಸುತ್ತಾರೆ, ಅದು ನ್ಯಾಯವೇ. ಕ್ರಮ ಜಾರಿಯಾಗಿ ಆರು ತಿಂಗಳಿಗೆ ದೇಶವೇ ಬಾಗಿಲು ಹಾಕಿದ್ದರಿಂದ ಅದರ ಪರಿಣಾಮವನ್ನು ಒಂಟಿಯಾಗಿ ಬೇರ್ಪಡಿಸಿ ಅಳೆಯುವುದು ಕಷ್ಟ. ಉಳಿದ ಹಣದಲ್ಲಿ ಸಾಲ ತೀರಿಸಿಕೊಂಡ ಕಂಪನಿಗಳು ಆ ಸಂಕಟವನ್ನು ಗಟ್ಟಿಯಾಗಿ ಎದುರಿಸಿದವು ಎಂಬುದೂ ನಿಜ. ಹಾಗಾಗಿ ಕೋವಿಡ್ಡಿಗೂ ಮೊದಲು ಎರಡು ಪೂರ್ಣ ವರ್ಷ ಸಿಕ್ಕ ಅಮೆರಿಕದ ಉದಾಹರಣೆ ಉಪಯೋಗಕ್ಕೆ ಬರುತ್ತದೆ. ಅಲ್ಲಿ 2017ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾನೂನು ಕಂಪನಿ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿತು. ಒಂದೊಂದು ಕುಟುಂಬದ ಆದಾಯ ವರ್ಷಕ್ಕೆ 4,000ದಿಂದ 9,000 ಡಾಲರ್ ಹೆಚ್ಚುತ್ತದೆ ಎಂದು ಶ್ವೇತಭವನದ ಆರ್ಥಿಕ ಸಲಹೆಗಾರರ ಮಂಡಳಿ ಹೇಳಿತ್ತು. 2018ರಲ್ಲಿ ದೊಡ್ಡ ಕಂಪನಿಗಳ ಷೇರು ಮರುಖರೀದಿ, ಅಂದರೆ ತಮ್ಮದೇ ಷೇರುಗಳನ್ನು ತಾವೇ ಕೊಳ್ಳುವುದು, ದಾಖಲೆ ಮುಟ್ಟಿತು. ಹೂಡಿಕೆ ಏರಲೇ ಇಲ್ಲವೆಂದಲ್ಲ. ಆ ಕಾನೂನನ್ನು ಆಳವಾಗಿ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು 2024ರಲ್ಲಿ ಕೊಟ್ಟ ಅಂದಾಜಿನಂತೆ ಕಂಪನಿಗಳ ಹೂಡಿಕೆ ಶೇ 11ರಷ್ಟು ಹೆಚ್ಚಿತು, ಕೆಲಸಗಾರನ ವಾರ್ಷಿಕ ಸಂಬಳದ ಮೇಲಿನ ದೀರ್ಘಕಾಲದ ಪರಿಣಾಮ ಮಾತ್ರ ಸಾವಿರ ಡಾಲರಿಗಿಂತ ಕಡಿಮೆ. ಅವರ ಇನ್ನೊಂದು ತೀರ್ಮಾನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಅದೇ ಕಾನೂನಿನಲ್ಲಿ ಹೊಸ ಯಂತ್ರದ ಪೂರ್ತಿ ಬೆಲೆಯನ್ನು ಕೊಂಡ ವರ್ಷವೇ ವೆಚ್ಚವೆಂದು ಕಳೆಯಲು ಅವಕಾಶ ಕೊಟ್ಟ ಭಾಗ, ಬೊಕ್ಕಸ ಬಿಟ್ಟುಕೊಟ್ಟ ಪ್ರತಿ ಡಾಲರಿಗೆ, ದರ ಕಡಿತಕ್ಕಿಂತ ಹೆಚ್ಚು ಹೂಡಿಕೆಯನ್ನು ತಂದಿತು. ಕಾರಣ ಸ್ಪಷ್ಟವಾಗಿದೆ. ಯಂತ್ರ ಕೊಂಡವನಿಗೆ ಮಾತ್ರ ಆ ಸೌಲಭ್ಯ ಸಿಗುತ್ತದೆ. ಸುಮ್ಮನೆ ಕುಳಿತವನಿಗೆ ಸಿಗುವುದಿಲ್ಲ. ನಮ್ಮ ಶೇ 22ರ ಪದ್ಧತಿಯಾದರೋ ಹೊಸ ಯಂತ್ರಕ್ಕೆ ಮೊದಲು ಸಿಗುತ್ತಿದ್ದ ಹೆಚ್ಚುವರಿ ಸವಕಳಿಯನ್ನೇ ಬಿಟ್ಟುಕೊಡುವಂತೆ ಕೇಳುತ್ತದೆ. ಉಳಿದ ವಿನಾಯಿತಿಗಳ ಸಾಲಿನಲ್ಲಿ ಇದನ್ನೂ ಸೇರಿಸಿದ್ದು ತಪ್ಪು ಎಂದೇ ನಾನು ತಿಳಿದಿದ್ದೇನೆ.

ಬ್ರಿಟನ್ 2010ರಲ್ಲಿ ಶೇ 28 ಇದ್ದ ದರವನ್ನು 2017ರ ಹೊತ್ತಿಗೆ 19ಕ್ಕೆ ಇಳಿಸಿ, 2023ರ ಏಪ್ರಿಲ್‌ನಿಂದ ದೊಡ್ಡ ಲಾಭದ ಕಂಪನಿಗಳಿಗೆ ಮತ್ತೆ 25ಕ್ಕೆ ಏರಿಸಿತು. ದೇಶದೇಶಗಳ ನಡುವಿನ ಈ ಇಳಿಕೆಯ ಪೈಪೋಟಿಗೆ ತಡೆ ಹಾಕಲು 2021ರ ಅಕ್ಟೋಬರ್‌ನಲ್ಲಿ 130ಕ್ಕೂ ಹೆಚ್ಚು ದೇಶಗಳು, ಭಾರತವೂ ಸೇರಿ, ವಾರ್ಷಿಕ 75 ಕೋಟಿ ಯೂರೋ ವಹಿವಾಟು ದಾಟಿದ ಬಹುರಾಷ್ಟ್ರೀಯ ಸಮೂಹಗಳಿಗೆ ಶೇ 15ರ ಕನಿಷ್ಠ ತೆರಿಗೆಯ ತತ್ವಕ್ಕೆ ಒಪ್ಪಿಕೊಂಡವು. 2025ರ ಜನವರಿಯಲ್ಲಿ ಅಮೆರಿಕ ಅದರಿಂದ ದೂರ ಸರಿದದ್ದರಿಂದ ಒಪ್ಪಂದದ ಬಲ ಕುಗ್ಗಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅಂಕಿಗಳು ಹೀಗಿವೆ: ಕಂಪನಿ ತೆರಿಗೆಯ ಸಂಗ್ರಹ 2018-19ರಲ್ಲಿ 6.63 ಲಕ್ಷ ಕೋಟಿ ರೂಪಾಯಿ ಇದ್ದದ್ದು 2019-20ರಲ್ಲಿ 5.57 ಲಕ್ಷ ಕೋಟಿಗೆ ಇಳಿಯಿತು. ಕೋವಿಡ್ ವರ್ಷದಲ್ಲಿ ಇನ್ನೂ ಕುಸಿದು, ಆಮೇಲೆ ಚೇತರಿಸಿಕೊಂಡು 2023-24ರಲ್ಲಿ 9.11 ಲಕ್ಷ ಕೋಟಿ ಮುಟ್ಟಿತು. ಇದೇ ಅವಧಿಯಲ್ಲಿ ವೈಯಕ್ತಿಕ ಆದಾಯ ತೆರಿಗೆ ಸುಮಾರು 4.7 ಲಕ್ಷ ಕೋಟಿಯಿಂದ 10.45 ಲಕ್ಷ ಕೋಟಿಗೆ ಏರಿತು. ‘ದರ ಇಳಿಸಿದರೂ ಸಂಗ್ರಹ ಏರಿತಲ್ಲ’ ಎಂದು ಒಂದು ಕಡೆಯವರು 9.11ನ್ನು ತೋರಿಸುತ್ತಾರೆ. ಬೆಲೆ, ಸಂಬಳ, ವಹಿವಾಟು ಎಲ್ಲವೂ ಏರುವ ದೇಶದಲ್ಲಿ ಐದು ವರ್ಷದ ನಂತರದ ರೂಪಾಯಿ ಮೊತ್ತ ಹೆಚ್ಚಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಜಿಡಿಪಿಗೆ ಹೋಲಿಸಿದರೆ ಕಂಪನಿ ತೆರಿಗೆ ಸುಮಾರು ಶೇ 3.5ರಿಂದ ಶೇ 3ರ ಆಸುಪಾಸಿಗೆ ಬಂದಿದೆ, ಅದೂ ಕಂಪನಿಗಳ ಲಾಭ ದೇಶದ ಆದಾಯಕ್ಕಿಂತ ವೇಗವಾಗಿ ಬೆಳೆದ ಕಾಲದಲ್ಲಿ. 2023-24ರಲ್ಲಿ ಲಾಭದ ಪ್ರಮಾಣ ಹದಿನೈದು ವರ್ಷಗಳಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು ಎಂದು ನಂತರದ ಆರ್ಥಿಕ ಸಮೀಕ್ಷೆ ಹೇಳಿದೆ. ಲಾಭದ ಪಾಲು ಏರಿ ತೆರಿಗೆಯ ಪಾಲು ಇಳಿದಿದ್ದರೆ ಕಡಿತ ತನ್ನ ಖರ್ಚನ್ನು ತಾನೇ ತುಂಬಿಕೊಂಡಿತು ಎನ್ನಲಾಗುವುದಿಲ್ಲ.

ಆದರೆ ಇನ್ನೊಂದು ಕಡೆಯವರು ‘ಸಂಬಳದಾರರು ಕಂಪನಿಗಳಿಗಿಂತ ಹೆಚ್ಚು ಕಟ್ಟುತ್ತಿದ್ದಾರೆ’ ಎನ್ನುವಾಗಲೂ ಲೆಕ್ಕ ತಪ್ಪುತ್ತದೆ. ವೈಯಕ್ತಿಕ ಎಂದು ನಾವು ಬಾಯಿಮಾತಿಗೆ ಹೇಳುವ ಆ ಶೀರ್ಷಿಕೆಯ ನಿಜವಾದ ಹೆಸರು ‘ಕಂಪನಿ ತೆರಿಗೆ ಹೊರತುಪಡಿಸಿದ ಆದಾಯ ತೆರಿಗೆ’. ಸಂಬಳದಾರರ ಜೊತೆಗೆ ವೈದ್ಯರು, ವಕೀಲರು, ವರ್ತಕರು, ಷೇರು ಮಾರಿ ಲಾಭ ಗಳಿಸಿದವರು ಅದರಲ್ಲಿದ್ದಾರೆ. ಅಷ್ಟೇ ಏಕೆ, ನಿಮ್ಮ ಪಾಲುದಾರಿಕೆ ಸಂಸ್ಥೆ ಕಟ್ಟುವ ತೆರಿಗೆಯೂ ಅದರಲ್ಲೇ ಇದೆ. ಇನ್ನೂ ಒಂದು ಸೂಕ್ಷ್ಮವಿದೆ. 2020ರವರೆಗೆ ಲಾಭಾಂಶದ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಅದು ಕಂಪನಿ ತೆರಿಗೆಯ ಲೆಕ್ಕಕ್ಕೆ ಸೇರುತ್ತಿತ್ತು. 2020ರ ಬಜೆಟ್ ಅದನ್ನು ರದ್ದು ಮಾಡಿ ಷೇರುದಾರರ ಕೈಯಲ್ಲೇ ತೆರಿಗೆ ವಿಧಿಸಿದ್ದರಿಂದ, ಅದೇ ಹಣದ ಮೇಲಿನ ತೆರಿಗೆಯ ಒಂದು ಭಾಗ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯಿತು. ಭಾರ ಕಂಪನಿಗಳಿಂದ ವ್ಯಕ್ತಿಗಳ ಕಡೆಗೆ ವಾಲಿರುವುದು ನಿಜ. ಎಷ್ಟು ವಾಲಿದೆ ಎಂದು ಹೇಳುವಾಗ ಈ ಎರಡು ಸಂಗತಿಗಳನ್ನು ಕಳೆದು ಹೇಳಬೇಕು.

ಟೀವಿ ಚರ್ಚೆಗಳಲ್ಲಿ ಹೆಚ್ಚಾಗಿ ಕೇಳದ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನಮ್ಮ ರಾಜ್ಯದ ಶಾಲೆ, ಆಸ್ಪತ್ರೆಗಳಿಗೆ ನೇರವಾಗಿ ತಟ್ಟುವ ವಿಷಯ. ಕಂಪನಿ ತೆರಿಗೆಯ ಮೂಲ ದರದಿಂದ ಬರುವ ಹಣವನ್ನು ಕೇಂದ್ರವು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕು. ಸೆಸ್ ಮತ್ತು ಸರ್‌ಚಾರ್ಜ್ ಹಂಚಬೇಕಾಗಿಲ್ಲ. 2019ರಲ್ಲಿ ಜಾರಿಯಲ್ಲಿದ್ದ 14ನೇ ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳ ಪಾಲು ಶೇ 42. ಮೂಲ ದರವನ್ನೇ ಇಳಿಸಿದ್ದರಿಂದ ಆದ ನಷ್ಟದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ರಾಜ್ಯಗಳ ತಲೆಯ ಮೇಲೆ ಬಿತ್ತು, ಅವುಗಳನ್ನು ಒಂದು ಮಾತೂ ಕೇಳದೆ. ಕರ್ನಾಟಕಕ್ಕೆ ಇದು ಗಾಯದ ಮೇಲೆ ಬರೆ: ಎಲ್ಲ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ನಮ್ಮ ಪಾಲು 15ನೇ ಆಯೋಗದ ಸೂತ್ರದಲ್ಲಿ ಶೇ 4.713ರಿಂದ 3.647ಕ್ಕೆ ಇಳಿದದ್ದೂ ಅದೇ ಕಾಲದಲ್ಲಿ. ಇತ್ತ ಕೇಂದ್ರ ತನ್ನ ಕೊರತೆಯನ್ನು ತುಂಬಿಕೊಳ್ಳಲು ಹಿಡಿದ ದಾರಿಗಳಲ್ಲಿ ಒಂದು ಇಂಧನ ಸುಂಕ. 2020ರ ಮೇ ತಿಂಗಳಿನ ಏರಿಕೆಯ ನಂತರ ಪ್ರತಿ ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 32.98 ರೂಪಾಯಿ ಆಯಿತು. ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ 2.98 ರೂಪಾಯಿ ಮಾತ್ರ. ಕೋವಿಡ್ ಕಾಲದ ಖರ್ಚಿಗೂ ಹಣ ಬೇಕಾಗಿತ್ತು ಎಂಬುದನ್ನು ಮರೆಯದೆಯೇ ಹೇಳುತ್ತೇನೆ: ಲಾಭದ ಮೇಲಿನ ತೆರಿಗೆ ಇಳಿದು ಬಳಕೆಯ ಮೇಲಿನ ತೆರಿಗೆ ಏರಿದಾಗ, ಲಾಭವೂ ಇಲ್ಲದ, ಷೇರೂ ಇಲ್ಲದ ದ್ವಿಚಕ್ರ ವಾಹನ ಸವಾರ ಆ ಕಡಿತದ ಒಂದು ಪಾಲನ್ನು ತನ್ನ ಜೇಬಿನಿಂದ ತುಂಬಿಕೊಡುತ್ತಾನೆ.

ಕೊನೆಯದಾಗಿ ನಿಮ್ಮ ಸಂಸ್ಥೆಯ ವಿಷಯ. ನಿಮ್ಮ ದೂರು ಸರಿಯಾಗಿದೆ. ಪಾಲುದಾರಿಕೆ ಸಂಸ್ಥೆಗಳ ಮತ್ತು ಎಲ್‌ಎಲ್‌ಪಿಗಳ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳ) ಮೂಲ ದರ ಶೇ 30ರಲ್ಲೇ ನಿಂತಿದೆ, ಆದಾಯ ಒಂದು ಕೋಟಿ ದಾಟಿದರೆ ಸರ್‌ಚಾರ್ಜ್ ಶೇ 12. ನಿಮ್ಮ ಸಂಸ್ಥೆಯ ತೆರಿಗೆಯೋಗ್ಯ ಲಾಭ 2 ಕೋಟಿ ಎಂದಿಟ್ಟುಕೊಂಡರೆ ನೀವು ಕಟ್ಟುವುದು 69 ಲಕ್ಷ 89 ಸಾವಿರದಷ್ಟು. ಅಷ್ಟೇ ಲಾಭದ ಕಂಪನಿ ಶೇ 22ರ ಪದ್ಧತಿಯಲ್ಲಿ ಕಟ್ಟುವುದು 50 ಲಕ್ಷ 34 ಸಾವಿರದಷ್ಟು. ಅಂದರೆ ವರ್ಷಕ್ಕೆ 19 ಲಕ್ಷ ರೂಪಾಯಿಗೂ ಮೀರಿದ ಅಂತರ, ನಿಮ್ಮ ಕಾರ್ಖಾನೆಯ ಮಟ್ಟಿಗೆ ಒಂದು ಒಳ್ಳೆಯ ಯಂತ್ರದ ಮುಂಗಡ. ಹೂಡಿಕೆಗೆ ಪ್ರೋತ್ಸಾಹವೆಂದು ಮಾಡಿದ ಕ್ರಮ, ಲಾಭವನ್ನು ಮತ್ತೆ ಕಾರ್ಖಾನೆಗೇ ಹಾಕುವ ನಿಮ್ಮಂಥವರನ್ನು ಹೊರಗಿಟ್ಟಿತು. ಇದನ್ನು ಸರಿಪಡಿಸಲು ದೊಡ್ಡ ಕಂಪನಿಗಳ ದರವನ್ನು ಹಿಂದಿನ ಶೇ 35ಕ್ಕೆ ಒಯ್ಯಬೇಕಾಗಿಲ್ಲ. ಸಂಸ್ಥೆಯಲ್ಲೇ ಉಳಿಸಿ ಹೂಡುವ ಲಾಭಕ್ಕೆ ಪಾಲುದಾರಿಕೆಗೂ ಅದೇ ದರ ಕೊಡುವುದು, ಹೊಸ ಯಂತ್ರಕ್ಕೆ ವೇಗದ ಸವಕಳಿಯನ್ನು ಎಲ್ಲರಿಗೂ ತೆರೆಯುವುದು ನನ್ನ ಮಟ್ಟಿಗೆ ನ್ಯಾಯವಾದ ತಿದ್ದುಪಡಿ. ಮುಂದೊಂದು ದಿನ ಇನ್ನೂ ಕಡಿತ ಮಾಡುವ ಪ್ರಸ್ತಾಪ ಬಂದರೆ, ಹಣವಿದ್ದರೆ ಇಲ್ಲಿಗೆ ಬರಲಿ ಎಂದು ನಾನು ಹೇಳುತ್ತೇನೆ.

ಕಂಪನಿಯಾಗಿ ಬದಲಾಗುವ ಮುನ್ನ ಮಾತ್ರ ಇನ್ನೊಂದು ಲೆಕ್ಕ ಮಾಡಿಕೊಳ್ಳಿ. ಸಂಸ್ಥೆ ತೆರಿಗೆ ಕಟ್ಟಿದ ಮೇಲೆ ನಿಮ್ಮಿಬ್ಬರ ಕೈಸೇರುವ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ಕಂಪನಿಯಲ್ಲಿ ಹಾಗಲ್ಲ, ಶೇ 25.17 ಕಟ್ಟಿ ಉಳಿದದ್ದನ್ನು ಲಾಭಾಂಶವಾಗಿ ತೆಗೆದರೆ ಅದು ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಹಂತದ ದರದಲ್ಲಿ ಮತ್ತೆ ತೆರಿಗೆಗೆ ಒಳಪಡುತ್ತದೆ. ಗರಿಷ್ಠ ಹಂತದಲ್ಲಿರುವವರು ಹಾಗೆ ತೆಗೆಯುವ ಪ್ರತಿ ನೂರು ರೂಪಾಯಿ ಲಾಭದ ಮೇಲೆ ಎರಡೂ ತೆರಿಗೆ ಸೇರಿ ಹೆಚ್ಚುಕಡಿಮೆ ಅರ್ಧದಷ್ಟು ಹೋಗುತ್ತದೆ. ಮನೆಕಟ್ಟುವುದಕ್ಕೆ, ಮಕ್ಕಳ ಓದಿಗೆ, ಹೀಗೆ ವರ್ಷವರ್ಷವೂ ಲಾಭದ ಬಹುಪಾಲನ್ನು ಹೊರತೆಗೆಯುವವರಾದರೆ ಪಾಲುದಾರಿಕೆಯೇ ನಿಮಗೆ ಅಗ್ಗ. ಲಾಭದ ಮುಕ್ಕಾಲು ಭಾಗವನ್ನು ಐದಾರು ವರ್ಷ ಕಾರ್ಖಾನೆಯಲ್ಲೇ ಬಿಡುವವರಾದರೆ ಕಂಪನಿ ಲಾಭಕರ. ಬದಲಾವಣೆಯ ಹೊತ್ತಿಗೆ ಆಸ್ತಿ ವರ್ಗಾವಣೆಯ ಮೇಲೆ ಬಂಡವಾಳ ಲಾಭದ ತೆರಿಗೆ ಬೀಳದಿರಬೇಕಾದರೆ ಸಂಸ್ಥೆಯ ಎಲ್ಲ ಆಸ್ತಿ ಮತ್ತು ಸಾಲಗಳು ಕಂಪನಿಗೆ ಹೋಗಬೇಕು, ನಿಮ್ಮಿಬ್ಬರಿಗೂ ಬಂಡವಾಳದ ಪ್ರಮಾಣದಲ್ಲೇ ಷೇರು ಸಿಗಬೇಕು, ಷೇರಲ್ಲದೆ ಬೇರಾವ ರೂಪದಲ್ಲೂ ಪ್ರತಿಫಲ ಪಡೆಯಬಾರದು, ಮತ್ತು ಐದು ವರ್ಷಗಳ ಕಾಲ ಮತಾಧಿಕಾರದ ಅರ್ಧಕ್ಕಿಂತ ಕಡಿಮೆಯಿಲ್ಲದ ಪಾಲು ನಿಮ್ಮ ಕೈಯಲ್ಲೇ ಇರಬೇಕು. ಕಂಪನಿಯಾದ ಮೇಲೆ ಶೇ 22ರ ಪದ್ಧತಿಯನ್ನು ಒಮ್ಮೆ ಆಯ್ದುಕೊಂಡರೆ ಹಳೆಯ ಪದ್ಧತಿಗೆ ಮರಳಲು ದಾರಿಯಿಲ್ಲ. ಆದ್ದರಿಂದ ಮೊದಲು ನೀವೂ ನಿಮ್ಮ ಅಣ್ಣನವರೂ ಕುಳಿತು, ಕಳೆದ ಐದು ವರ್ಷಗಳಲ್ಲಿ ಸಂಸ್ಥೆಯಿಂದ ಎಷ್ಟು ಹಣ ತೆಗೆದಿದ್ದೀರಿ, ಎಷ್ಟು ಬಿಟ್ಟಿದ್ದೀರಿ ಎಂಬುದನ್ನು ಬಂಡವಾಳದ ಖಾತೆ ನೋಡಿ ಬರೆದುಕೊಳ್ಳಿ. ಆ ಎರಡು ಅಂಕಿಗಳನ್ನು ಹಿಡಿದುಕೊಂಡು ನಿಮ್ಮ ಲೆಕ್ಕಪರಿಶೋಧಕರ ಬಳಿ ಹೋದರೆ ಉಳಿದ ಲೆಕ್ಕಕ್ಕೆ ಅರ್ಧ ಗಂಟೆ ಸಾಕು.